ಜಗ್ಗೂದು ಹಗ್ಗ, ತಡಿಯೂದು ಟ್ರಾಕ್ಟರ್

ಮೊನ್ನೆ ಸಂತಿ ದಿವಸ ಕಟ್ಟಿ ಮ್ಯಾಲ ಬಂದು ಕುಂತು ಫೋನಿನಾಗ ಒಂದು ಚಿತ್ರ ತೋರಿಸಿದಿ. ಕೆಂಪು ಬಣ್ಣದ ವಿಂಚು, ಅದರ ಹಣಿ ಮ್ಯಾಲ ದೊಡ್ಡ ಅಕ್ಷರದಾಗ 5 ಟನ್ ಅಂತ ಬರದಿತ್ತು. "ಕಾಕಾ, ಇದನ್ನ ನನ್ನ 24 ಎಚ್‌ಪಿ ಗಾಡಿಗೆ ಹಾಕಿಸಿದ್ರ ಹೆಂಗ?" ಅಂದಿ. ಅಷ್ಟರಾಗ ಚಾ ಬಂತು, ಮಾತು ಉಳ್ಳಾಗಡ್ಡಿ ರೇಟಿನ ಕಡೆ ಹೊಳ್ಳಿತು. ನಾ ಹೇಳಬೇಕಂದದ್ದು ಗಂಟಲಾಗ ಉಳೀತು. ಈಗ ಬರದು ಕೊಡಾಕತ್ತೀನಿ, ಪುರಸೊತ್ತಿಲೆ ಓದು.

ಆ 5 ಟನ್ನಿಂದು ಬ್ಯಾಡ. ಯಾಕಂತ ಹೇಳೂಕಿಂತ ಮೊದಲ ನಿನ್ನ ಹೊಲಕ್ಕ ಹೋಗಿ ಬರೂಣು.

ಹಳ್ಳದ ದಂಡಿಗುಂಟ ಬಳ್ಳಾರಿ ಜಾಲಿ ಗ್ವಾಡಿ ಕಟ್ಟಿದಂಗ ನಿಂತೈತಿ. ಬದುವಿನ ಮ್ಯಾಲ ನಿಮ್ಮಪ್ಪ ಹಚ್ಚಿದ ಸಾಗವಾನಿ ಅದಾವ. ಮಸಾರಿ ಪಟ್ಟಿಯಾಗ ನೀ ಹಚ್ಚಿದ ಹೆಬ್ಬೇವು, ಪ್ಲೈವುಡ್‌ನವರು ಬಂದಾರೂ ಅಂತ ದಾರಿ ನೋಡಾಕತ್ತೀದಿ. ಮ್ಯಾಲ ಹೋದ ವರ್ಷ ಗಾಳಿಗೆ ಅಡ್ಡಬಿದ್ದ ಹುಣಸಿ ಗಿಡ, ಅದು ಇನ್ನೂ ಹಂಗ ಬಿದ್ದೈತಿ. ಇಷ್ಟ ನಿನ್ನ ಅಡವಿ. ನಮ್ಮದು ಶಿಗ್ಲಿ, ಶಿರಸಿ ಅಲ್ಲ. ದಿನಾ ಬೆಳಿಗ್ಗೆದ್ದು ದಿಮ್ಮಿ ಎಳಿಯೂ ಕಸಬು ನಮ್ದಲ್ಲ. ಆದ್ರೂ ವಿಂಚು ಬೇಕಂತ ನಿನಗ ಅನಿಸಿದ್ದು ತಪ್ಪಲ್ಲ ಅಂತೀನಿ, ಅದಕ್ಕ ಎರಡು ಕಾರಣ. ಒಂದು ಮುಳ್ಳು. ಜಾಲಿ ಮೆಳಿಯೊಳಗ ಟ್ರಾಕ್ಟರ್ ಹೊಗಿಸಿದ್ರ ಮುಂದಿನ ಟಾಯರು ಸಂಜಿತನಕ ಬಾಳೂದಿಲ್ಲ. ಎರಡನೇದ್ದು ಎರಿ. ಒಂದು ಹದಾ ಮಳಿ ಬಿದ್ರ ಸಾಕು, ಎರಿ ಹೊಲ ಗಾಲಿಯನ್ನ ಕಟಕ ರೊಟ್ಟಿ ತಿಂದಂಗ ತಿನ್ನತೈತಿ ಅನಬ್ಯಾಡ, ಅದು ಬೆಣ್ಣಿ ನುಂಗಿದಂಗ ನುಂಗತೈತಿ. ವಿಂಚಿದ್ರ ಗಾಡಿ ಗಟ್ಟಿ ನೆಲದ ಮ್ಯಾಲ, ದಾರಿ ಬಾಜೂಕ ನಿಂತಿರತೈತಿ. ಹಗ್ಗ ಒಂದ ಒಳಗ ಹೋಗಿ ದಿಮ್ಮಿ ಹಿಡಕೊಂಡು ಬರತೈತಿ. ಫಿನ್ಲೆಂಡಿನ ಫಾರ್ಮಿ, ನಾರ್ವೆಯ ಇಗ್ಲಾಂಡ್, ಸ್ಲೊವೇನಿಯಾದ ತಾಯ್‌ಫುನ್, ಇವರೆಲ್ಲಾ ಟ್ರಾಕ್ಟರಿನ ಬೆನ್ನಿಗೆ ಹಚ್ಚೂ ವಿಂಚು ಮಾಡಿ ಹೆಸರಾದವರು. ಅವರಿಗೆ ಹಿಮ ಮತ್ತ ಗುಡ್ಡ, ನಮಗ ಮುಳ್ಳು ಮತ್ತ ಎರಿ. ತ್ರಾಸು ಬ್ಯಾರೆ, ಉಪಾಯ ಒಂದ.

ಈಗ ಲೆಕ್ಕ. ಒಂದು ಅಡಿ ದಪ್ಪ, ಹತ್ತು ಅಡಿ ಉದ್ದದ ದಿಮ್ಮಿ ಅಂದ್ರ ಹತ್ರತ್ರ 8 ಘನ ಅಡಿ. ಹಸಿ ನೀಲಗಿರಿ ಆದ್ರ ತೂಕ 220 ಕೆಜಿ ಆಜೂಬಾಜು, ಹೆಬ್ಬೇವು ಇನ್ನೂ ಹಗುರ. ನೆಲದ ಮ್ಯಾಲ ಎಳದ್ರ ತೂಕದ ಅರ್ಧದಿಂದ ಮುಕ್ಕಾಲು ಪಾಲು ಬಲ ಸಾಕು, ಅಂದ್ರ ಒಂದೂವರಿ ಕ್ವಿಂಟಲ್. ಇಬ್ಬರು ಪೈಲವಾನರ ಕೆಲಸ! ಇನ್ನ ನಿನ್ನ ಹುಣಸಿ. ಎರಡು ಅಡಿ ದಪ್ಪ, ಹತ್ತು ಅಡಿ ಉದ್ದ ಕೊರದ್ರ 31 ಘನ ಅಡಿ, ತೂಕ ಒಂದು ಟನ್. ಎಳಿಯಾಕ 700 ಕೆಜಿ ಬಲ, ಕೆಸರಾಗ ಮೂತಿ ತುರುಕಿದ್ರ ಪೂರಾ ಒಂದು ಟನ್ ಅಂತ ಹಿಡಿ. ನಿನ್ನ ಹೊಲದಾಗಿನ ಅತೀ ದೊಡ್ಡ ಹೆಣಾ ಅದ. ಅದಕ್ಕಿಂತ ದೊಡ್ಡದಿದ್ರ ಗರಗಸ ಐತಲ್ಲ, ಎರಡು ತುಂಡು ಮಾಡು. ಒಂದು ಟನ್ ಜಗ್ಗಾಕ 5 ಟನ್ ವಿಂಚ್ಯಾಕ?

ನೀ ಅಂತಿ, "ಇರಲಿ ಬಿಡು ಕಾಕಾ, ಜಾಸ್ತಿ ಇದ್ರ ನಷ್ಟೇನು?" ನಷ್ಟ ಐತಿ. ಅದನ್ನ ಹೇಳಾಕ ಇಷ್ಟೆಲ್ಲಾ ಬರಿಯಾಕತ್ತೀನಿ.

ಹಗ್ಗಕ್ಕ ಎರಡು ತುದಿ ಇರತಾವ. ದಿಮ್ಮಿ ಕಡಿ ತುದಿಗೆ ಎಷ್ಟು ಬಲ ಬೀಳತೈತೋ ನಿನ್ನ ಕಡಿ ತುದಿಗೂ ಅಷ್ಟ ಬೀಳತೈತಿ. ನಮ್ಮ ಕಡೆ ಓಡ್ಯಾಡೂ ಮಿನಿ ಟ್ರಾಕ್ಟರ್, 15ರಿಂದ 27 ಎಚ್‌ಪಿಯವು, ಬಹಳಷ್ಟು 600ರಿಂದ 1,000 ಕೆಜಿ ಒಳಗಿನವು. ಅಂಥಾ ಗಾಡಿಗೆ 5 ಟನ್ ವಿಂಚು ಬಿಗದು ಸಿಗಬಿದ್ದ ದಿಮ್ಮಿ ಜಗ್ಗಿದ್ರ ದಿಮ್ಮಿ ಅಲ್ಲೇ ಇರತೈತಿ, ನೀನ ದಿಮ್ಮಿ ಕಡೆ ಹೋಗತೀದಿ. ಹಂಗ ಜರದು ಹೋದ್ರ ಪುಣ್ಯಾ. ಮುಂದಿನ ಗಾಲಿ ಎದ್ರ?

ಎದ್ದದ್ದು ನಾ ನೋಡೇನಿ. ನೋಡೇನಿ ಅಂದ್ರ ಸೀಟಿನ ಮ್ಯಾಲ ಕುಂತು ನೋಡೇನಿ. ಆವಾಗ ನನಗ ಮೂವತ್ತು ದಾಟಿತ್ತು, ಬುದ್ಧಿ ಇನ್ನೂ ಇಪ್ಪತ್ತರಾಗಿತ್ತು. ಕೈಗಡ ತಂದ ಟ್ರಾಕ್ಟರು, ಹಳ್ಳದ ದಂಡಿಯಾಗ ಒಂದು ಜಾಲಿ ಬಡ್ಡಿ. ಕೆಳಗಿನ ಕೊಂಡಿ ಮಣ್ಣಾಗ ಮುಚ್ಚಿತ್ತು, ಬಗ್ಗಾಕ ಬ್ಯಾಸರಾಗಿ ಸರಪಳಿ ತಂದು ಮ್ಯಾಲಿನ ಟಾಪ್ ಲಿಂಕ್ ಹಚ್ಚೂ ತೂತಿಗೆ ಸಿಗಿಸಿದೆ. ಲೋ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಬಡ್ಡಿ ಅಲಗಲಿಲ್ಲ. ಬಾನೆಟ್ ಎದ್ದು ಕಣ್ಣ ಮುಂದ ಬಂತು, ಅದರ ಹಿಂದ ಆಕಾಶ. ಕಾಲು ತನ್ನಷ್ಟಕ್ಕ ತಾನ ಕ್ಲಚ್ಚು ತುಳೀತು, ಗಾಡಿ ಧಡ್ ಅಂತ ಕೆಳಗ ಬಿತ್ತು. ಬುದ್ಧಿಯಿಂದ ತುಳದೆ ಅಂದ್ರ ಸುಳ್ಳು. ಇಂಥಾದ್ರಾಗ ಗಾಡಿ ತಿರುಗಿ ಬಾರದ ಮಟ್ಟಕ್ಕ ಏಳಾಕ ಮುಕ್ಕಾಲು ಸೆಕೆಂಡು ಸಾಕು ಅಂತ ಆಮ್ಯಾಲ ತಿಳೀತು. ನಾವು ಅಯ್ಯೋ ಅನ್ನಾಕ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿತೈತಿ.

ಅದಕ್ಕ ವಿಂಚು ನೋಡೂ ಮುಂದ ಮೊದಲ ಅದರ ಹಲಗಿ ನೋಡು. ಒಳ್ಳೇ ಅರಣ್ಯ ವಿಂಚಿಗೆ ಕೆಳಗ ಅಗಲಾದ ಉಕ್ಕಿನ ಹಲಗಿ ಇರತೈತಿ. ಜಗ್ಗೂ ಮುಂದ ಹೈಡ್ರಾಲಿಕ್ ಇಳಿಸಿ ಅದನ್ನ ನೆಲಕ್ಕ ಊರಬೇಕು. ಜಗ್ಗಿದಂಗ ಅದು ಮಣ್ಣಾಗ ಕಚ್ಚತೈತಿ, ಬಲಾ ಗಾಡಿ ಬಿಟ್ಟು ನೆಲಕ್ಕ ಹೋಗತೈತಿ. ಹಗ್ಗ ಹೊರಗ ಬರೂ ಗಾಲಿ ಎಷ್ಟು ತೆಳಗಿದ್ರ ಅಷ್ಟು ಚಲೋ. ಕೆಲವಕ್ಕ ಮ್ಯಾಲೊಂದು ಕೆಳಗೊಂದು ಎರಡು ಗಾಲಿ ಇರತಾವ, ಭಾರ ಜಗ್ಗಾಕ ಕೆಳಗಿಂದ ಬಳಸು. ಇನ್ನ ಗಾಡಿ ಬೆನ್ನಿಗೆ ನೆಟ್ಟಗ ಇರೂ ದಿಮ್ಮಿ ಅಷ್ಟ ಜಗ್ಗಬೇಕು. ಓರಿ ಮಾಡಿ ಜಗ್ಗಿದ್ರ ಸಣ್ಣ ಗಾಡಿ ಮಗ್ಗಲಾಗತೈತಿ, ನಮ್ಮ ಮಿನಿ ಗಾಡಿಗಳ ಗಾಲಿ ಸಾಲಿನ ನಡುವ ಹೋಗಲಂತ ಸಮೀಪ ಸಮೀಪ ಇರತಾವಲ್ಲ. ಓರಿ ಬಂದ್ರ ಗಾಡಿ ಹೊಳ್ಳಿಸಿ ನಿಲ್ಲಸು, ಇಲ್ಲಾ ಕಪ್ಪಿಗಾಲಿ ಹಚ್ಚು. ಬ್ಯಾಸಗಿಯಾಗ ಬಿರಕ ಬಿಟ್ಟ ಎರಿ ಕಲ್ಲಿನಂಗ ಇರತೈತಿ, ಹಲಗಿ ಕಚ್ಚಾಕ ಎರಡು ಸಲಿಕಿ ಅಗದು ಕೊಡಬೇಕಾಗತೈತಿ. ಹಳ್ಳದ ದಂಡಿ ಮ್ಯಾಲ ಜಗ್ಗೂ ಮುಂದ ಅಂಚಿಗೆ ನಿಲ್ಲಸಬ್ಯಾಡ, ಒಂದು ಗಾಡಿ ಉದ್ದ ಹಿಂದ ಸರಿ. ಹಲಗಿ ಊರಿದಲ್ಲೆ ದಂಡಿ ಕುಸೀತೈತಿ.

ಇನ್ನ ತೂಕ. 3 ಟನ್ ಜಗ್ಗೂ ವಿಂಚು ತಾನ 200ರಿಂದ 250 ಕೆಜಿ ತೂಗತೈತಿ, 5 ಟನ್ನಿಂದು ಇನ್ನೂ ನೂರು ಕೆಜಿ ಮ್ಯಾಲ. ಸಣ್ಣ ಗಾಡಿ ಎತ್ತೂ ಶಕ್ತಿ ಕಾಗದದ ಮ್ಯಾಲ 750 ಕೆಜಿ ಅಂತ ಇರತೈತಿ, ಆದ್ರ ಅದು ಕೊಂಡಿ ತುದಿಗೆ ಅಳದ ಲೆಕ್ಕ. ಭಾರ ಹಿಂದ ಹಿಂದ ಹೋದಂಗ ಎತ್ತೂ ಕಸುವು ಕಡಿಮಿ ಆಗತೈತಿ. ಎತ್ತಿದ್ರೂ ಅಂತ ಇಟ್ಟುಕೋ, ಮುಂದಿನ ಗಾಲಿ ಹಗುರಾಗತಾವ. ಒಟ್ಟು ತೂಕದ ಐದನೇ ಒಂದು ಪಾಲರ ಮುಂದಿನ ಗಾಲಿ ಮ್ಯಾಲ ಇರಬೇಕು. ಇಲ್ಲಂದ್ರ ಸ್ಟೇರಿಂಗ್ ತಿರುವತೀದಿ, ಗಾಡಿ ತನ್ನ ದಾರಿ ತಾ ಹಿಡಿತೈತಿ. ಮುಂದ ತೂಕದ ಗಟ್ಟಿ ಹಾಕಿಸು, ಅದನ್ನ ವಿಂಚಿನ ರೊಕ್ಕದಾಗ ಸೇರಿಸಿ ಲೆಕ್ಕಾ ಹಾಕು.

ಎಂಜಿನ್ ಕಡೆಯಿಂದ ನೋಡಿದ್ರೂ ಇದ ಉತ್ತರ. ವಿಂಚು ಪಿಟಿಒದಿಂದ, ಅಂದ್ರ ಗಾಡಿ ಬೆನ್ನಾಗ ತಿರುಗೂ ಶಾಫ್ಟಿನಿಂದ ಓಡತೈತಿ, ನಿಮಿಷಕ್ಕ 540 ಸುತ್ತಿನ ಲೆಕ್ಕದಾಗ. 3 ಟನ್ ಬಲಾ ಸೆಕೆಂಡಿಗೆ ಅರ್ಧ ಮೀಟರ್ ಎಳಿಬೇಕಂದ್ರ 20 ಎಚ್‌ಪಿ ಬೇಕು, ಗೇರಿನಾಗ ಸೋರಿ ಹೋಗೂದು ಬ್ಯಾರೆ. ನಿಂದು 24 ಅಂದ್ರ ಅದು ಎಂಜಿನ್ನಿಂದು, ಪಿಟಿಒದಾಗ ಸಿಗೂದು ಅದಕ್ಕಿಂತ ಕಡಿಮಿ. ಟನ್ನಿಗೆ ಹತ್ತು ಎಚ್‌ಪಿ ಅಂತ ಹಳಬರು ಹೇಳೂದು ಇದಕ್ಕ. ನಿನಗ 2 ಟನ್ ಚಂದ, 3 ಟನ್ ತುದಿ. ನಿಜವಾದ ಪಿಟಿಒ ಶಕ್ತಿ ತಿಳೀಬೇಕಂದ್ರ ಮಧ್ಯಪ್ರದೇಶದ ಬುದ್ನಿಯೊಳಗ ಕೇಂದ್ರ ಸರಕಾರದ ಯಂತ್ರ ಪರೀಕ್ಷಾ ಸಂಸ್ಥೆ ಐತಿ, ಅದರ ಪರೀಕ್ಷಾ ವರದಿ ಡೀಲರ್ ಹತ್ರ ಕೇಳು. ಪಿಟಿಒ ಎಷ್ಟು, ಎತ್ತೂದು ಎಷ್ಟು, ತೂಕ ಮುಂದೆಷ್ಟು ಹಿಂದೆಷ್ಟು, ಎಲ್ಲಾ ಅದರಾಗ ಇರತೈತಿ. ಬಣ್ಣದ ಕಾಗದ ಕೊಡಾಕ ಬಂದ್ರ ವರದಿನ ಬೇಕನ್ನು.

ನಮ್ಮದು ನೇಕಾರರ ಊರು, ಅದಕ್ಕ ಮುಂದಿಂದು ನಿನಗ ಲಗು ತಿಳಿತೈತಿ. ಸಣ್ಣಾಂವ ಇದ್ದಾಗ ರಾಟಿ ಮುಂದ ಕುಂತು ಕಂಡಿಕಿ ಸುತ್ತೂದನ್ನ ನೋಡೀದಿ. ಬರೇ ಕಂಡಿಕಿ ಇದ್ದಾಗ ಒಂದು ಸುತ್ತಿಗೆ ಚೂರು ನೂಲು ಹೋಗತೈತಿ, ತುಂಬಿದಂಗ ಒಂದ ಸುತ್ತಿಗೆ ಬಹಳ ನೂಲು ಎಳಕೋತೈತಿ. ವಿಂಚಿನ ಡ್ರಮ್ಮೂ ಅಷ್ಟ. ಹಗ್ಗ ಸುತ್ತಿ ಸುತ್ತಿ ದಪ್ಪಾದಂಗ ಓಟ ಹೆಚ್ಚಾಗತೈತಿ, ಜಗ್ಗೂ ಬಲಾ ಇಳಿತೈತಿ. ವಿಂಚಿನ ಹಣಿ ಮ್ಯಾಲ ಬರದ ಟನ್ನು ಬಹಳ ಸಲ ಬರೇ ಡ್ರಮ್ಮಿನ ಮ್ಯಾಲಿನ ಮೊದಲನೇ ಪದರದ್ದು. ಮಾರೂವಂಗ "ತುಂಬಿದ ಡ್ರಮ್ಮಿಗೆ ಎಷ್ಟು?" ಅಂತ ಕೇಳು. ಅಂವ ತಲಿ ಕೆರಕೊಂಡ್ರ ಬ್ಯಾರೆ ಅಂಗಡಿ ನೋಡು. ಮತ್ತ ಕಂಡಿಕಿ ಹೆಂಗ ಸುತ್ತತಾರೋ ಹಂಗ ಹಗ್ಗಾನೂ ಸಾಲು ಹಿಡದು ಸುತ್ತಬೇಕು, ಸಡಿಲ ಸುತ್ತಿದ್ರ ಭಾರ ಬಿದ್ದಾಗ ಮ್ಯಾಲಿನ ಎಳಿ ಕೆಳಗಿನ ಸಂದ್ಯಾಗ ಹೊಕ್ಕೊಂಡು ಸಿಗಿಬೀಳತೈತಿ. ಬಿಡಸಾಕ ಅರ್ಧ ದಿನಾ ಬೇಕು.

ಹಗ್ಗದಾಗ ಉಳಿತಾಯ ಮಾಡಬ್ಯಾಡ. ವಿಂಚು ಎಷ್ಟು ಜಗ್ಗತೈತೋ ಅದರ ಎರಡರಷ್ಟಕ್ಕರ ಹರಿಯೂ ಹಗ್ಗ ಇರಬೇಕು. 8 ಮಿಮೀ ಉಕ್ಕಿನ ಹಗ್ಗ ಸುಮಾರು 4 ಟನ್ನಿಗೆ ಹರಿತೈತಿ, 10 ಮಿಮೀ ಸುಮಾರು 6 ಟನ್ನಿಗೆ. 2 ಟನ್ ವಿಂಚಿಗೆ ಎಂಟು, 3 ಟನ್ನಿಗೆ ಹತ್ತು. 50 ಮೀಟರ್ ಇದ್ರ ನಿನ್ನ ಹಳ್ಳಕ್ಕ ಸಾಕು. ಈಗ ಪ್ಲಾಸ್ಟಿಕ್ಕಿನಂಥಾ ಹೊಸಾ ಹಗ್ಗ ಬಂದೈತಿ, ಉಕ್ಕಿನ ಏಳನೇ ಒಂದು ಪಾಲು ತೂಕ, ಹುಡುಗ್ರೂ ಹೊತ್ತುಕೊಂಡು ಓಡತಾರ. ಆದ್ರ ಮಸಾರಿ ಉಸುಕು ಅದರ ಹೊಟ್ಟ್ಯಾಗ ಹೊಕ್ಕು ಎಳಿ ಕೊಯ್ಯತೈತಿ, ತಿಕ್ಕಾಟದ ಕಾವೂ ಅದಕ್ಕ ಆಗೂದಿಲ್ಲ. ನಮ್ಮ ನೆಲಕ್ಕ ಉಕ್ಕಿಂದ ಸೈ. ಉಕ್ಕಿನ ಹಗ್ಗಕ್ಕ ಗಂಟು ಹಾಕಬಾರದು. ತುದಿಗೆ ಕ್ಲಿಪ್ ಹಾಕೂದಾದ್ರ ಮೂರರ ಬೇಕು, ಜೀನಿನಂಥಾ ದಪ್ಪ ಭಾಗ ಭಾರ ಹೊರೂ ಎಳಿ ಮ್ಯಾಲ ಕುಂದ್ರಬೇಕು, ಬಾಗಿದ ಬೋಲ್ಟು ಗಿಡ್ಡ ತುದಿ ಮ್ಯಾಲ. ತಿರುಗಾಮುರುಗಾ ಹಾಕಿದ್ರ ಅದ ಹಗ್ಗಾನ ಚಿವುಟಿ ಹರಿತೈತಿ. ಹಗ್ಗ ಬಿಗಿಯಾದಾಗ ಯಾರೂ ದಾಟಬಾರದು. ನಿನ್ನ ಮಗಾ ಎಲ್ಲಾ ಕಡೆ ಬೆನ್ನ ಹತ್ತತಾನ, ಅವನ್ನ ಆವತ್ತು ಮನ್ಯಾಗ ಬಿಟ್ಟು ಬಾ.

5 ಟನ್ನಿನ ಆಸೆ ಇನ್ನೂ ಹೋಗಿಲ್ಲಂದ್ರ ಒಂದು ಕಪ್ಪಿಗಾಲಿ ತಗೋ. ಕಪಲಿ ಬಾವಿ ನೀ ನೋಡಿಲ್ಲ. ಬಾವಿ ಬಾಯಿಗೆ ಗಾಲಿ, ಎತ್ತು ಇಳಿಜಾರಿನಾಗ ಇಳಕೋತ ಹೋದ್ರ ತೊಗಲಿನ ಚೀಲದಾಗ ನೀರು ಮ್ಯಾಲ. ಎತ್ತಿನ ಕಸುವಿನ ಜೋಡಿ ಎತ್ತಿನ ತೂಕಾನೂ ಕೆಲಸಕ್ಕ ಹಚ್ಚಿದ್ರು ಹಿರೇರು. ಅಲ್ಲಿ ಗಾಲಿ ದಿಕ್ಕು ಅಷ್ಟ ಹೊಳ್ಳಿಸತಿತ್ತು. ಇಲ್ಲಿ ಗಾಲಿಯನ್ನ ದಿಮ್ಮಿಗೆ ಕಟ್ಟಿ, ಹಗ್ಗ ಅದರೊಳಗ ಹಾಯಿಸಿ ತುದಿ ತಂದು ಗಾಡಿ ಹತ್ರದ ಗಟ್ಟಿ ಗಿಡಕ್ಕ ಬಿಗದ್ರ 2 ಟನ್ನಿನ ವಿಂಚು ದಿಮ್ಮಿಗೆ ಹತ್ರತ್ರ 4 ಟನ್ ಜಗ್ಗತೈತಿ. ಓಟ ಅರ್ಧ ಆಗತೈತಿ, ಆಗಲಿ, ನಿನಗೇನು ಹುಬ್ಬಳ್ಳಿ ಬಸ್ಸು ಹಿಡಿಯೂದೈತೇನು? ನಿನ್ನ ಗಾಡಿ ಮ್ಯಾಲ ಬೀಳೂ ಬಲಾ ಮಾತ್ರ ಎರಡ ಟನ್. ಗಿಡಕ್ಕ ಬರೇ ಉಕ್ಕಿನ ಹಗ್ಗ ಸುತ್ತಬ್ಯಾಡ, ಅಗಲ ಪಟ್ಟಿ ಹಾಕು, ತೊಗಟಿ ಉಳಿತೈತಿ.

ಪಿಟಿಒ ಶಾಫ್ಟಿನ ಬಗ್ಗೆ ಒಂದ ಮಾತು, ಸಿಟ್ಟಿಲೆ ಹೇಳತೀನಿ. ರಾಶಿ ಮಷೀನಿಗೆ ಸಿಕ್ಕ ಕೈ, ಸೆರಗು ನಮ್ಮ ಭಾಗದಾಗ ಯಾರು ಕಂಡಿಲ್ಲ? 540 ಸುತ್ತು ಅಂದ್ರ ಸೆಕೆಂಡಿಗೆ ಒಂಬತ್ತು. ಮೂರು ಇಂಚಿನ ಕೂಡಿಕಿ ಒಂದು ಸೆಕೆಂಡಿನಾಗ ಎರಡು ಮೀಟರ್ ಬಟ್ಟಿ ಸುತ್ತಿಕೋತೈತಿ. ನನ್ನ ಧೋತರ ನಾಕು ಮೀಟರ್. ಶಾಫ್ಟಿನ ಮ್ಯಾಲಿನ ಪ್ಲಾಸ್ಟಿಕ್ ಕವಚ ಗ್ರೀಸ್ ಹಚ್ಚಾಕ ಅಡ್ಡಾಗತೈತಿ ಅಂತ ಮೊದಲನೇ ವಾರದಾಗ ಕಿತ್ತು ಒಗಿತಾರ, ನೀ ಒಗೀಬ್ಯಾಡ. ಅಂಗಡ್ಯಾಗ ಇನ್ನೊಂದು ಪರೀಕ್ಷಾ ಮಾಡು. ವಿಂಚು ಜಗ್ಗಾಕತ್ತಿದಾಗ ಅದನ್ನ ಓಡಸೂ ಹಿಡಿಕಿ ಹಗ್ಗ ಕೈ ಬಿಡು. ಬಿಟ್ಟ ಕೂಡಲೆ ಜಗ್ಗೂದು ನಿಲ್ಲಬೇಕು, ದಿಮ್ಮಿ ಹಿಂದ ಜಾರಬಾರದು. ಹಿಡಿಕಿ ಹಗ್ಗ ಬಾಜೂಕ ಸರದು ನಿಂದ್ರಾಕ ಬರೂವಷ್ಟು ಉದ್ದ ಇರಬೇಕು, ಸೀಟಿನ ಹಿಂದ ಜಾಳಗಿ ಇರಬೇಕು.

ಸ್ವಸ್ತಾ ಸಿಗತೈತಂತ ವೆಲ್ಡಿಂಗ್ ಅಂಗಡ್ಯಾಗ ಮಾಡಿಸೂ ಆಸೆ ಬಂದೀತು. ನಮ್ಮ ವೆಲ್ಡಿಂಗ್ ಹುಡುಗ್ರ ಕೈ ಬಹಳ ಚಲೋ, ಕುಂಟಿ ಕೂರಿಗಿ ಅವರಂಗ ಯಾರೂ ಮಾಡೂದಿಲ್ಲ. ಆದ್ರ ಹಳೇ ಗೇರ್‌ಬಾಕ್ಸಿಗೆ ಡ್ರಮ್ ಹಚ್ಚಿ ಮಾಡಿದ್ದೊಂದನ್ನ ನೋಡಿದೆ. ಜಗ್ಗತಿತ್ತು ಗೂಳಿ ಹಂಗ, ಬ್ರೇಕ್ ಅನ್ನೂದು ಇದ್ದಿಲ್ಲ. ಕ್ಲಚ್ ಬಿಟ್ಟ ಕೂಡಲೆ ದಿಮ್ಮಿ ದಂಡಿಯಿಂದ ವಾಪಸ್ ಹಳ್ಳಕ್ಕ. ಹಲಗಿ, ಜಾಳಗಿ, ಮುಂದಿನ ತೂಕ ಅವರ ಕಡೆ ಮಾಡಸು, ಡ್ರಮ್ಮು ಬ್ರೇಕು ಕಾರ್ಖಾನಿದು ಇರಲಿ. ಕೊಂಡಿ ಗೂಟ ಅಳಿ. ನಿನ್ನ ಗಾಡಿಗೆ 22 ಮಿಮೀ ಗೂಟ ಬೇಕು, 28 ಮಿಮೀದು ದೊಡ್ಡ ಗಾಡಿಗೆ.

ಬ್ಯಾಟರಿ ಮ್ಯಾಲ ಓಡೂ ಜೀಪಿನ ವಿಂಚು ಹಾಕಿದ್ರಾತು ಅಂತ ನಿನ್ನ ಗೆಳ್ಯಾ ಹೇಳಿದ್ನಂತ. ಅದು ಪೂರಾ ಭಾರಕ್ಕ 300-400 ಆಂಪಿಯರ್ ಕುಡಿತೈತಿ, ಸಣ್ಣ ಟ್ರಾಕ್ಟರಿನ ಡೈನಮೋ ಅದರ ಹತ್ತನೇ ಒಂದು ಪಾಲು ಕೊಟ್ರ ಬಹಳಾತು. ಕೆಸರಾಗ ಸಿಕ್ಕ ಗಾಡಿ ಒಮ್ಮೆ ಹೊರಗ ತಗಿಯಾಕ ನಡಿತೈತಿ, ದಿನಾ ಹತ್ತು ದಿಮ್ಮಿಗೆ ನಡಿಯೂದಿಲ್ಲ. ನನ್ನ ಕೇಳಿದ್ರ ಈ ವರ್ಷ ಒಂದು ಕೈ ವಿಂಚು ತಗೋ, ಒಂದೂವರಿ ಟನ್ನಿಂದು, ಹಿಡಿಕಿ ಆಡಿಸಿ ಆಡಿಸಿ ಜಗ್ಗೂವಂಥಾದ್ದು. ರೆಟ್ಟಿ ನೋಯತಾವ, ಆದ್ರ ಹುಣಸಿ ಗಿಡಾ ಅದಕ್ಕ ಬರತೈತಿ. ಕೃಷಿ ಯಂತ್ರಧಾರೆ ಕೇಂದ್ರದಾಗ ಬಾಡಿಗಿಗೆ ಏನೇನು ಅದಾವ ಕೇಳು, ಸಪ್ಟೆಂಬರಿನಾಗ ಧಾರವಾಡದ ಕೃಷಿ ಮೇಳಕ್ಕ ಹೋಗಿ ಕಣ್ಣಿಲೆ ನೋಡು. ಹೆಬ್ಬೇವು ಕೊಯ್ಲಿಗೆ ಬಂದಾಗ ಪಿಟಿಒ ವಿಂಚು ಕೊಂಡ್ರ ತಡಾ ಏನಾಗೂದಿಲ್ಲ.

ಜಾಲಿ ಬಡ್ಡಿ ಮಾತ್ರ ಯಾವ ವಿಂಚಿಗೂ ಹಚ್ಚಬ್ಯಾಡ. ಅದರ ಬೇರು ಪಾತಾಳಕ್ಕ ಹೋಗಿರತೈತಿ, ಮ್ಯಾಲ ಕಡದ್ರ ಬುಡದಿಂದ ಮತ್ತ ಚಿಗೀತೈತಿ. ಒಂದು ದಿನ ಜೆಸಿಬಿ ಹಚ್ಚಿ ಕೀಳಿಸು, ಮ್ಯಾಲಿನ ಟೊಂಗಿ, ಬೊಡ್ಡಿ ವಿಂಚಿಲೆ ಹೊರಗ ಎಳಿ, ಇದ್ದಲಿ ಸುಡೂವರು ತಾವ ಬಂದು ಒಯ್ಯತಾರ.

ಕಡಿಯೂಕಿಂತ ಮೊದಲ ಕಾಗದ ನೋಡಿಕೋ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಮ್ಮ ಹೊಲದ ಗಿಡಕ್ಕೂ ಐತಿ. ಬಳ್ಳಾರಿ ಜಾಲಿ, ನೀಲಗಿರಿ, ಸುಬಾಬುಲ್ ಇಂಥಾವಕ್ಕ ವಿನಾಯಿತಿ ಐತಿ. ಸಾಗವಾನಿ, ಬೇವು, ಹುಣಸಿಗೆ ಅರಣ್ಯ ಇಲಾಖೆ ವಲಯ ಕಚೇರಿಗೆ ಅರ್ಜಿ ಕೊಡು, ಸಾಗವಾನಿ ಸಾಗಸಾಕ ಪರವಾನಗಿ ಬ್ಯಾರೆ. ದಾರಿ ಬಾಜೂಕಿನ ಗಿಡ ನಿಂದಲ್ಲ. ವಿಂಚು ಬಂತಂದ್ರ ಕಪ್ಪತಗುಡ್ಡದ ಕಡೆ "ಬರತೀಯೇನು, ಬಾಡಿಗಿ ಕೊಡತೀನಿ" ಅನ್ನೂವರೂ ಬರತಾರ. ಅದು 2019ರಿಂದ ವನ್ಯಜೀವಿಧಾಮ. ಅಂಥವರಿಗೆ ಚಾನೂ ಕುಡಸಬ್ಯಾಡ.

ಆಯಿತವಾರ ಗಾಡಿ ತಗೊಂಡು ಬಾ, ಲಕ್ಷ್ಮೇಶ್ವರಕ್ಕ ಹೋಗಿ ಕಾಟಾದ ಮ್ಯಾಲ ತೂಗಸೂಣು. ಮೊದಲ ಪೂರಾ ಗಾಡಿ, ಆಮ್ಯಾಲ ಹಿಂದಿನ ಗಾಲಿ ಕೆಳಗಿಳಿಸಿ ಬರೇ ಮುಂದಿನ ಗಾಲಿ. ಕೊಂಡಿಗೆ ಎರಡು ಸಿಮೆಂಟ್ ಚೀಲ ಹಾಕೂದು, ಎತ್ತೂದು, ಮುಂದಿನ ಗಾಲಿ ಮತ್ತೊಮ್ಮೆ ತೂಗೂದು. ಆಮ್ಯಾಲ ನಾಕು ಚೀಲ, ಅಲ್ಲಿಗೆ ಎರಡು ಕ್ವಿಂಟಲ್ ಆತು. ಚೀಟಿ ಕೈಯಾಗ ಬರಲಿ, ಟನ್ನಿನ ಮಾತು ಆಮ್ಯಾಲ ಆಡೂಣು. ಸಿಮೆಂಟ್ ನಮ್ಮ ಮನ್ಯಾಗ ಐತಿ, ಕಟ್ಟಿ ಕಟ್ಟಿಸಾಕ ತಂದದ್ದು. ಚೀಲ ಹರಿಯದಂಗ ನೋಡಿಕೋ, ನಿಮ್ಮ ಕಾಕಿ ನನಗ ಬೈತಾಳ.